ಹದಿನೈದನೇ ಹಣಕಾಸು ಆಯೋಗದ ಅನುದಾನ: ಸದಸ್ಯರು ತಿಳಿದಿರಬೇಕಾದ ಅಂಶಗಳು
(ಬಂಗಾರಪೇಟೆ ಹಾಗೂ ಕೆ.ಜಿ.ಎಫ್. ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಿನ್ನದ ಗಣಿಗಳಿಗೂ ರಾಬರ್ಟ್‌ಸನ್‌ಪೇಟೆಗೂ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಕೊಳವೆಗಳ ಮೂಲಕ ನೀರು ತರಲಾಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ನೀರಿನ ಪ್ರಶ್ನೆ ಮಾತ್ರ ಉಳಿಯಿತು. ಇಂದು ಸುತ್ತಲಿನ ಹಳ್ಳಿಗಳು ಬಹುಮಟ್ಟಿಗೆ ಆಳವಾದ ಕೊಳವೆಬಾವಿಗಳನ್ನೇ ನಂಬಿವೆ. ಜಿಲ್ಲೆಯ ಅಂತರ್ಜಲವು ಮಿತಿಮೀರಿ ಬಳಕೆಯಾದ ವರ್ಗದಲ್ಲಿದ್ದು, ಹಲವೆಡೆ ನೀರಿನಲ್ಲಿ ಫ್ಲೋರೈಡ್ ಅಂಶವೂ ಹೆಚ್ಚಾಗಿದೆ. ಇಂತಹ ಪ್ರದೇಶದಲ್ಲಿ ಕುಡಿಯುವ ನೀರಿಗೆಂದೇ ಮೀಸಲಾಗಿ ಬರುವ ಹಣವು ಲೆಕ್ಕಪತ್ರದ ಲೋಪದಿಂದ ನಿಂತುಹೋದರೆ ಅದರ ಪರಿಣಾಮ ನೇರವಾಗಿ ಮನೆಯ ಬಿಂದಿಗೆಯ ಮೇಲೆ ಆಗುತ್ತದೆ. ಆದ್ದರಿಂದ ಅನುದಾನದ ನಿಯಮಗಳು ಅಭಿವೃದ್ಧಿ ಅಧಿಕಾರಿ ಹಾಗೂ ಲೆಕ್ಕ ಸಹಾಯಕರಿಗೆ ಮಾತ್ರವಲ್ಲದೆ ಪ್ರತಿಯೊಬ್ಬ ಸದಸ್ಯರಿಗೂ ತಿಳಿದಿರುವುದು ಅವಶ್ಯಕ.

ಹಣ ಬರುವ ಬಗೆ

ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಿಂದ ಜಾರಿಗೆ ಬಂದ ನಂತರ ಪಂಚಾಯತಿಗಳಿಗೆ ಕೇಂದ್ರ ಹಣಕಾಸು ಆಯೋಗದ ಶಿಫಾರಸಿನ ಮೇರೆಗೆ ಅನುದಾನ ದೊರೆಯುತ್ತಿದೆ. 15ನೇ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗಾಗಿ ಒಟ್ಟು ₹2,36,805 ಕೋಟಿ ಶಿಫಾರಸು ಮಾಡಿದೆ. ಇದರಲ್ಲಿ ಶೇ. 70ರಿಂದ 85ರವರೆಗಿನ ಪಾಲು ಗ್ರಾಮ ಪಂಚಾಯತಿಗಳಿಗೆ ಸಲ್ಲಬೇಕೆಂದೂ ಉಳಿದದ್ದು ತಾಲ್ಲೂಕು ಮತ್ತು ಜಿಲ್ಲಾ ಹಂತಕ್ಕೆ ಸೇರಬೇಕೆಂದೂ ಆಯೋಗ ಸೂಚಿಸಿದೆ. ರಾಬರ್ಟ್‌ಸನ್‌ಪೇಟೆ ನಗರಸಭೆಯ ವ್ಯಾಪ್ತಿಗೆ ನಗರ ಸ್ಥಳೀಯ ಸಂಸ್ಥೆಗಳ ಅನುದಾನ ಪ್ರತ್ಯೇಕವಾಗಿದ್ದು, ಅದಕ್ಕೂ ಸುತ್ತಲಿನ ಗ್ರಾಮ ಪಂಚಾಯತಿಗಳ ಅನುದಾನಕ್ಕೂ ಸಂಬಂಧವಿರುವುದಿಲ್ಲ.

ಅನುದಾನವನ್ನು ವರ್ಷಕ್ಕೆ ಎರಡು ಕಂತುಗಳಲ್ಲಿ, ಜೂನ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಬಿಡುಗಡೆ ಮಾಡಲು ಅವಕಾಶವಿದೆ. ಕೇಂದ್ರದಿಂದ ಹಣ ಬಂದ 10 ಕೆಲಸದ ದಿನಗಳೊಳಗೆ ರಾಜ್ಯ ಸರ್ಕಾರವು ಅದನ್ನು ಸ್ಥಳೀಯ ಸಂಸ್ಥೆಗಳಿಗೆ ವರ್ಗಾಯಿಸಬೇಕು. ತಡವಾದರೆ ಬಡ್ಡಿ ಸಹಿತ ನೀಡಬೇಕು.

ನಿರ್ಬಂಧಿತ ಮತ್ತು ಅನಿರ್ಬಂಧಿತ ಅನುದಾನ

ಬಂದ ಹಣವೆಲ್ಲವನ್ನೂ ಸಭೆಯ ಇಚ್ಛೆಯಂತೆ ಖರ್ಚು ಮಾಡಲು ಬರುವುದಿಲ್ಲ. ಒಟ್ಟು ಮೊತ್ತದ ಶೇ. 60ರಷ್ಟು ನಿರ್ಬಂಧಿತ, ಶೇ. 40ರಷ್ಟು ಅನಿರ್ಬಂಧಿತ. ನಿರ್ಬಂಧಿತ ಭಾಗದಲ್ಲಿ ಅರ್ಧದಷ್ಟು ನೈರ್ಮಲ್ಯ ಹಾಗೂ ಬಯಲು ಶೌಚಮುಕ್ತ ಸ್ಥಿತಿಯ ನಿರ್ವಹಣೆಗೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ ಮೀಸಲು. ಉದಾಹರಣೆಗೆ, ಒಂದು ಪಂಚಾಯತಿಗೆ ₹10 ಲಕ್ಷ ಬಂದಿದೆ ಎಂದುಕೊಂಡರೆ, ₹3 ಲಕ್ಷ ನೀರಿಗೆ, ₹3 ಲಕ್ಷ ನೈರ್ಮಲ್ಯಕ್ಕೆ ಹಾಗೂ ₹4 ಲಕ್ಷ ಸ್ಥಳೀಯ ಅಗತ್ಯಗಳಿಗೆ ದೊರೆಯುತ್ತದೆ.

ಅನಿರ್ಬಂಧಿತ ಎಂಬ ಪದದಿಂದ ಹಲವು ಸಭೆಗಳಲ್ಲಿ ತಪ್ಪು ತಿಳಿವಳಿಕೆ ಉಂಟಾಗುವುದಿದೆ. ಈ ಭಾಗವನ್ನು ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಿಗೆ ಸಂಬಂಧಿಸಿದ ಸ್ಥಳೀಯ ಅಗತ್ಯಗಳಿಗೆ ಬಳಸಬಹುದು. ಆದರೆ ವೇತನಕ್ಕಾಗಲೀ ಸಿಬ್ಬಂದಿ ಮತ್ತು ಕಚೇರಿಯ ಆಡಳಿತ ವೆಚ್ಚಕ್ಕಾಗಲೀ ಬಳಸುವಂತಿಲ್ಲ. ನೀರುಗಂಟಿಯ ವೇತನ ಬಾಕಿ ಇದೆಯೆಂಬ ಕಾರಣಕ್ಕೆ ಈ ಖಾತೆಯಿಂದ ಹಣ ತೆಗೆಯಲು ಸಭೆ ನಿರ್ಣಯ ಮಾಡಿದರೂ ಆ ನಿರ್ಣಯವು ಲೆಕ್ಕಪರಿಶೋಧನೆಯಲ್ಲಿ ನಿಲ್ಲುವುದಿಲ್ಲ.

ಮತ್ತೊಂದು ಸಂದರ್ಭವನ್ನು ಗಮನಿಸಬಹುದು. ಗ್ರಾಮವೊಂದರ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದೆ. ಅದೇ ಸಭೆಯಲ್ಲಿ ಚರಂಡಿ ದುರಸ್ತಿಗೂ ಸಿಮೆಂಟ್ ರಸ್ತೆಗೂ ಬೇಡಿಕೆ ಇದೆ. ಘಟಕದ ದುರಸ್ತಿ ಕುಡಿಯುವ ನೀರಿನ ಭಾಗಕ್ಕೆ ಸೇರುತ್ತದೆ. ರಸ್ತೆಗೆ ನಿರ್ಬಂಧಿತ ಹಣ ಮುಟ್ಟುವಂತಿಲ್ಲ. ಅನಿರ್ಬಂಧಿತ ಭಾಗವನ್ನೇ ನೋಡಬೇಕು. ಬಚ್ಚಲು ನೀರಿನ ವಿಲೇವಾರಿಯ ಕಾಮಗಾರಿಯಾದರೆ ಅದನ್ನು ನೈರ್ಮಲ್ಯದ ಭಾಗದಲ್ಲಿ ಪರಿಗಣಿಸಬಹುದು. ನೀರು ಅಥವಾ ನೈರ್ಮಲ್ಯ, ಈ ಎರಡರಲ್ಲಿ ಒಂದರ ಅಗತ್ಯ ಸಂಪೂರ್ಣವಾಗಿ ಪೂರೈಸಿದ್ದರೆ ಮಾತ್ರ ಆ ಹಣವನ್ನು ಮತ್ತೊಂದಕ್ಕೆ ಬಳಸಲು ಅವಕಾಶವಿದೆ. ಹಾಗೆ ಪೂರೈಸಿದೆಯೆಂದು ಗ್ರಾಮ ಸಭೆ ದೃಢೀಕರಿಸಬೇಕು. ಮೇಲ್ವಿಚಾರಣಾ ಪ್ರಾಧಿಕಾರವೂ ಅದನ್ನು ಖಚಿತಪಡಿಸಬೇಕು.

ಲೆಕ್ಕ ಪ್ರಕಟವಾಗದಿದ್ದರೆ ಅನುದಾನವಿಲ್ಲ

15ನೇ ಆಯೋಗದ ಅತಿ ಮುಖ್ಯ ಷರತ್ತು ಲೆಕ್ಕಪತ್ರಕ್ಕೆ ಸಂಬಂಧಿಸಿದೆ. ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ ಹಾಗೂ ಅದಕ್ಕೂ ಹಿಂದಿನ ವರ್ಷದ ಪರಿಶೋಧಿತ ಲೆಕ್ಕ, ಇವೆರಡೂ ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ಲಭ್ಯವಿರಬೇಕು. ಅಂದರೆ 2025-26ರ ಅನುದಾನಕ್ಕೆ 2024-25ರ ತಾತ್ಕಾಲಿಕ ಲೆಕ್ಕವೂ 2023-24ರ ಪರಿಶೋಧಿತ ಲೆಕ್ಕವೂ ಅಗತ್ಯ. ಮೊದಲ ಎರಡು ವರ್ಷ ರಾಜ್ಯದ ಶೇ. 25ರಷ್ಟು ಸಂಸ್ಥೆಗಳು ಈ ಷರತ್ತು ಪೂರೈಸಿದರೆ ಸಾಕಾಗಿತ್ತು. 2023-24ರಿಂದ ಆ ರಿಯಾಯಿತಿ ಇಲ್ಲ. ಷರತ್ತು ಪೂರೈಸಿದ ಸಂಸ್ಥೆಗಳ ಲೆಕ್ಕಕ್ಕೆ ಮಾತ್ರ ಹಣ ದೊರೆಯುತ್ತದೆ. ಒಂದು ಪಂಚಾಯತಿಯ ಲೋಪವನ್ನು ನೆರೆಯ ಪಂಚಾಯತಿಯ ಶಿಸ್ತು ತುಂಬಿಕೊಡುವುದಿಲ್ಲ. ಇದಲ್ಲದೆ ಚುನಾಯಿತ ಆಡಳಿತ ಮಂಡಳಿ ಇರುವ ಸಂಸ್ಥೆಗಳಿಗೆ ಮಾತ್ರ ಅನುದಾನ ಎಂಬುದೂ ಆಯೋಗದ ನಿಯಮ.

2020ರ ಏಪ್ರಿಲ್ 24ರಂದು ಆರಂಭವಾದ ಇ-ಗ್ರಾಮ ಸ್ವರಾಜ್ ತಂತ್ರಾಂಶದಲ್ಲಿ ಯೋಜನೆ, ಕಾಮಗಾರಿ ಪ್ರಗತಿ, ಪಾವತಿ ಹಾಗೂ ಲೆಕ್ಕ ಒಂದೇ ಕಡೆ ದಾಖಲಾಗುತ್ತವೆ. ಪಾವತಿಯು ಡಿಜಿಟಲ್ ಸಹಿಯ ಮೂಲಕ ಆಗುತ್ತದೆ. ಅಧ್ಯಕ್ಷರ ಡಿಜಿಟಲ್ ಸಹಿಯ ಸಾಧನವನ್ನು ಬೇರೆಯವರ ವಶಕ್ಕೆ ಕೊಡುವುದು ಸಹಿ ಮಾಡಿದ ಖಾಲಿ ಚೆಕ್ಕನ್ನು ಕೊಟ್ಟಂತೆಯೇ ಸರಿ. ಸದಸ್ಯರು ತಮ್ಮ ಪಂಚಾಯತಿಯ ಲೆಕ್ಕವನ್ನು ಮೊಬೈಲ್ ಫೋನಿನಲ್ಲಿಯೇ ನೋಡಬಹುದು.

ಯೋಜನೆಯಲ್ಲಿ ಸೇರದ ಕಾಮಗಾರಿ

ಅನುದಾನದಿಂದ ಕೈಗೊಳ್ಳುವ ಕಾಮಗಾರಿಯು ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿರಬೇಕು. ಕರ್ನಾಟಕದಲ್ಲಿ ಈ ಪ್ರಕ್ರಿಯೆ ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಹೆಸರಿನಲ್ಲಿ ನಡೆಯುತ್ತದೆ. 2018ರಿಂದ ಅಕ್ಟೋಬರ್ 2ರ ಗಾಂಧಿ ಜಯಂತಿಯಂದು ಜನ ಯೋಜನಾ ಅಭಿಯಾನವೂ ಆರಂಭಗೊಳ್ಳುತ್ತಿದೆ. ವಾರ್ಡ್ ಸಭೆಯಲ್ಲಿ ಬೇಡಿಕೆ, ಗ್ರಾಮ ಸಭೆಯಲ್ಲಿ ಆದ್ಯತೆ, ಪಂಚಾಯತಿ ಸಭೆಯಲ್ಲಿ ಅನುಮೋದನೆ ಎಂಬುದು ಇದರ ಕ್ರಮ. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದ ಮೇಲೆ ಹಣ ಹುಡುಕುವುದಕ್ಕಿಂತ, ಹಿಂದಿನ ಅಕ್ಟೋಬರ್‌ನಲ್ಲಿಯೇ ಕೆರೆಯ ಪೋಷಕ ಕಾಲುವೆಯ ಹೂಳು, ಶಾಲಾ ಕಟ್ಟಡದ ಮಳೆನೀರು ಕೊಯ್ಲು, ಬದಲಿ ಮೋಟಾರು ಇವುಗಳನ್ನು ಯೋಜನೆಗೆ ಸೇರಿಸುವುದು ಸೂಕ್ತ.

ಈ ಗಡಿ ಭಾಗದ ಮನೆಗಳಲ್ಲಿ ಕನ್ನಡದೊಂದಿಗೆ ತೆಲುಗು ಮತ್ತು ತಮಿಳು ಮಾತುಗಳೂ ಬಳಕೆಯಲ್ಲಿವೆ. ಸಭಾ ನಡಾವಳಿ ಕನ್ನಡದಲ್ಲಿ ದಾಖಲಾಗತಕ್ಕದ್ದು. ಆದರೆ ಗ್ರಾಮ ಸಭೆಯಲ್ಲಿ ಜಮಾ-ಖರ್ಚನ್ನು ಜನರಿಗೆ ಅರ್ಥವಾಗುವ ಮಾತಿನಲ್ಲಿಯೂ ವಿವರಿಸಿದರೆ ಪ್ರಶ್ನೆ ಕೇಳುವವರು ಹೆಚ್ಚುತ್ತಾರೆ. ಪ್ರಶ್ನೆಗಳು ಹೆಚ್ಚಿದಷ್ಟೂ ಲೋಪಗಳು ಬೇಗ ಕಣ್ಣಿಗೆ ಬೀಳುತ್ತವೆ.

ತರಬೇತಿ

ಸದಸ್ಯರ ತರಬೇತಿಯನ್ನು ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯು ರೂಪಿಸುತ್ತದೆ. ಉಪಗ್ರಹ ಆಧಾರಿತ ತರಬೇತಿಯ ಮೂಲಕ ಮೈಸೂರಿನ ಪಾಠವನ್ನು ತಾಲ್ಲೂಕು ಕೇಂದ್ರದಲ್ಲಿಯೇ ಕೇಳಲು ಸಾಧ್ಯವಾಗಿದೆ. ಸಂಸ್ಥೆಗೆ ಹೆಸರಾಗಿರುವ ನಜೀರ್ ಸಾಬ್ ಅವರು ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಸಚಿವರಾಗಿದ್ದು, ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿದವರು. ಅಧಿಕಾರ ವಿಕೇಂದ್ರೀಕರಣದ 1983ರ ಕಾಯ್ದೆಯ ಹಿಂದೆಯೂ ಅವರ ಶ್ರಮವಿತ್ತು. ತರಬೇತಿಗೆ ರಾಷ್ಟ್ರೀಯ ಗ್ರಾಮ ಸ್ವರಾಜ್ ಅಭಿಯಾನದ ಅಡಿಯಲ್ಲಿ ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ವೆಚ್ಚ ಭರಿಸುತ್ತವೆ.

ರಾಜ್ಯದ ಪಂಚಾಯತಿಗಳಲ್ಲಿ ಶೇ. 50ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದೆ. ತರಬೇತಿಗೆ ಚುನಾಯಿತ ಸದಸ್ಯೆಯೇ ಹಾಜರಾಗಬೇಕು. ಪತಿಯಾಗಲೀ ಸಂಬಂಧಿಕರಾಗಲೀ ಬದಲಿಯಾಗಿ ಕುಳಿತರೆ ತರಬೇತಿಯ ಉದ್ದೇಶವೇ ಕೆಡುತ್ತದೆ. ನಿರ್ಣಯದ ಹೊಣೆ ಕಾನೂನಿನ ಪ್ರಕಾರ ಸದಸ್ಯೆಯದ್ದೇ ಆಗಿರುತ್ತದೆ. ಸೌಕರ್ಯ ಸಮಿತಿ, ಉತ್ಪಾದನಾ ಸಮಿತಿ ಹಾಗೂ ಸಾಮಾಜಿಕ ನ್ಯಾಯ ಸಮಿತಿಗಳಲ್ಲಿರುವವರು ತಮ್ಮ ಸಮಿತಿಯ ವಿಷಯ ಕುರಿತ ತರಬೇತಿಯನ್ನು ತಪ್ಪಿಸಿಕೊಳ್ಳಬಾರದು.

ಮುಂದಿನ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ ಪ್ರಕಟವಾಗಿದೆಯೇ? ಅದಕ್ಕೂ ಹಿಂದಿನ ವರ್ಷದ ಲೆಕ್ಕಪರಿಶೋಧನೆ ಮುಗಿದಿದೆಯೇ?
2. ಪರಿಶೋಧನಾ ವರದಿಯ ಆಕ್ಷೇಪಣೆಗಳಲ್ಲಿ ಎಷ್ಟಕ್ಕೆ ಉತ್ತರ ಹೋಗಿದೆ?
3. ನೀರು, ನೈರ್ಮಲ್ಯ ಮತ್ತು ಅನಿರ್ಬಂಧಿತ ಭಾಗಗಳಲ್ಲಿ ಪ್ರತ್ಯೇಕವಾಗಿ ಎಷ್ಟು ಹಣ ಉಳಿದಿದೆ?
4. ನೀರಿನ ಮೂಲಗಳ ಫ್ಲೋರೈಡ್ ಪರೀಕ್ಷೆ ಕೊನೆಯ ಬಾರಿ ನಡೆದದ್ದು ಯಾವಾಗ? ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಮೂಲಗಳು ಯಾವುವು?
5. ಮನೆ ಕಂದಾಯ ಮತ್ತು ನೀರಿನ ಕರದ ವಸೂಲಾತಿ ಎಷ್ಟಾಗಿದೆ?

ಕೊನೆಯ ಪ್ರಶ್ನೆಯೂ ಅನುದಾನದ ವಿಷಯಕ್ಕೆ ಸೇರಿದ್ದೇ. ಆಯೋಗದ ಹಣದಿಂದ ಕೊಡಲಾಗದ ವೇತನ ಮತ್ತು ಆಡಳಿತ ವೆಚ್ಚವನ್ನು ಭರಿಸುವಲ್ಲಿ ಪಂಚಾಯತಿಯ ಸ್ವಂತ ಸಂಪನ್ಮೂಲವೇ ಆಸರೆ.

15ನೇ ಆಯೋಗದ ಅವಧಿ 2026ರ ಮಾರ್ಚ್ 31ಕ್ಕೆ ಕೊನೆಗೊಳ್ಳುತ್ತದೆ. ನಂತರದ ಐದು ವರ್ಷಗಳಿಗಾಗಿ ಅರವಿಂದ ಪನಗಾರಿಯಾ ಅವರ ಅಧ್ಯಕ್ಷತೆಯಲ್ಲಿ 16ನೇ ಹಣಕಾಸು ಆಯೋಗವು 2023ರ ಡಿಸೆಂಬರ್ 31ರಂದು ರಚನೆಯಾಗಿದೆ. ಆಯೋಗಗಳು ಬದಲಾದಂತೆ ಅನುದಾನದ ಪ್ರಮಾಣ ಬದಲಾಗಬಹುದು, ಷರತ್ತುಗಳ ವಿವರವೂ ಬದಲಾಗಬಹುದು. ಲೆಕ್ಕವನ್ನು ಕಾಲಕಾಲಕ್ಕೆ ಮುಗಿಸಿ ಜನರ ಮುಂದಿಡುವ ಪಂಚಾಯತಿಗೆ ಯಾವ ಷರತ್ತೂ ಹೊರೆಯಾಗುವುದಿಲ್ಲ. ಆದುದರಿಂದ ಮಾನ್ಯ ಸದಸ್ಯರು ಮೇಲ್ಕಂಡ ಅಂಶಗಳನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿ, ಚರ್ಚೆಯ ವಿವರವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಲು ಕ್ರಮ ವಹಿಸುವುದು.