ನ್ಯೂ ಕ್ಯಾಲೆಡೋನಿಯಾ: ಮೂರು ಸಲ ಮತ ಹಾಕಿದರೂ ಮುಗಿಯದ ವಸಾಹತು

ಆಸ್ಟ್ರೇಲಿಯಾದ ಪೂರ್ವಕ್ಕೆ, ಪ್ಯಾರಿಸ್‌ನಿಂದ ಸುಮಾರು 17,000 ಕಿ.ಮೀ. ದೂರದಲ್ಲಿ ಒಂದು ದ್ವೀಪಸಮೂಹವಿದೆ. 1853ರಿಂದ ಅದು ಫ್ರಾನ್ಸ್ ಕೈಯಲ್ಲಿದೆ. ವಸಾಹತುಶಾಹಿ ಇತಿಹಾಸದ ಪಾಠ ಅಷ್ಟೇ ಅಂದುಕೊಂಡಿದ್ದರೆ, ಸ್ವಯಮಾಡಳಿತ ಸಿಗದ ಪ್ರದೇಶಗಳ ವಿಶ್ವಸಂಸ್ಥೆ ಪಟ್ಟಿ ನೋಡಿ. ನ್ಯೂ ಕ್ಯಾಲೆಡೋನಿಯಾ ಇವತ್ತಿಗೂ ಅದರಲ್ಲಿದೆ.

‘ಜನಮತಗಣನೆ ಮಾಡಿದರೆ ಮುಗೀತಲ್ಲ?’ ಮಾಡಿದ್ದಾರೆ, ಮೂರು ಸಲ. 1998ರ ನೂಮೆಯಾ ಒಪ್ಪಂದದ ಪ್ರಕಾರ 2018ರಲ್ಲಿ ನಡೆದಾಗ ಸ್ವಾತಂತ್ರ್ಯ ಬೇಡ ಅಂದವರು 56.7%. 2020ರಲ್ಲಿ ಅದು 53.3%ಕ್ಕೆ ಇಳಿಯಿತು. 2021ರಲ್ಲಿ ಏಕಾಏಕಿ 96.5%! ಜನ ಮನಸ್ಸು ಬದಲಿಸಿದ್ದಲ್ಲ. ಕೋವಿಡ್ ಸಾವುಗಳ ಸೂತಕದಲ್ಲಿದ್ದ ಮೂಲನಿವಾಸಿ ಕನಕ್ ಜನ ಮತದಾನ ಮುಂದೂಡಿ ಅಂದರು, ಪ್ಯಾರಿಸ್ ಕೇಳಲಿಲ್ಲ. ಸ್ವಾತಂತ್ರ್ಯವಾದಿಗಳು ಬಹಿಷ್ಕರಿಸಿದರು, ಮತ ಹಾಕಿದವರು 44% ಮಾತ್ರ.

ನಾನು ಎಂಜಿನಿಯರಿಂಗ್ ಓದಿದವನು, ಶೇಕಡಾವಾರು ಕಂಡರೆ ಮೊದಲು ಛೇದ ನೋಡ್ತೀನಿ. ಇಲ್ಲಿನ ಇಡೀ ಜಗಳ ಆ ಛೇದದ್ದೇ: ಮತದಾರ ಯಾರು? 2019ರ ಜನಗಣತಿಯಲ್ಲಿ ಕನಕ್ ಜನ 41%, ಯುರೋಪಿಯನ್ ಮೂಲದವರು 24%. ಇದು ತಾನಾಗೇ ಆದದ್ದಲ್ಲ. ಫ್ರೆಂಚರನ್ನು ದೊಡ್ಡ ಪ್ರಮಾಣದಲ್ಲಿ ತಂದು ನೆಲೆಗೊಳಿಸಿದರೆ ರಾಷ್ಟ್ರೀಯವಾದಿ ಬೇಡಿಕೆ ತಡೆಯಬಹುದು ಅಂತ 1972ರಲ್ಲಿ ಪ್ರಧಾನಿ ಪಿಯೆರ್ ಮೆಸ್ಮೆರ್ ಪತ್ರದಲ್ಲೇ ಬರೆದಿದ್ದರು. ಹಾಗಾಗಿ 2024ರ ಮೇನಲ್ಲಿ, ಹತ್ತು ವರ್ಷ ನೆಲೆಸಿದವರಿಗೂ ಪ್ರಾಂತೀಯ ಚುನಾವಣೆಯ ಮತ ಕೊಡಲು ಹೊರಟಾಗ ದ್ವೀಪ ಹೊತ್ತಿ ಉರಿಯಿತು. 14 ಜನ ಸತ್ತರು. ತಿದ್ದುಪಡಿ ಕೈಬಿಡಬೇಕಾಯಿತು.

ಮುಂದೇನು? ವಿಶ್ವಸಂಸ್ಥೆಯ 1960ರ ನಿರ್ಣಯ 1541 ಮೂರು ದಾರಿ ಹೇಳುತ್ತದೆ.

ಒಂದು, ಪೂರ್ಣ ಸ್ವಾತಂತ್ರ್ಯ. ನೆಲದಲ್ಲಿ ನಿಕಲ್ ಹೇರಳವಾಗಿದೆ. ಆದರೆ ಆ ಉದ್ಯಮವೇ ಸಂಕಷ್ಟದಲ್ಲಿದೆ, ಬಜೆಟ್ಟಿಗೆ ಪ್ಯಾರಿಸ್ ಹಣ ಬೇಕು.

ಎರಡು, ಫ್ರಾನ್ಸ್‌ನಲ್ಲೇ ವಿಲೀನ. ನಿಷ್ಠಾವಂತ ಬಣಕ್ಕೆ ಇಷ್ಟ. ಕನಕ್ ಜನರ ಮೇಲೆ ಹೇರಿದರೆ ಮತ್ತೆ 2024.

ಮೂರು, ಮುಕ್ತ ಸಹಯೋಗ. 1965ರಿಂದ ಕುಕ್ ದ್ವೀಪಗಳು ನ್ಯೂಜಿಲೆಂಡ್ ಜೊತೆ ಹೀಗೇ ಇವೆ: ಆಡಳಿತ ತಮ್ಮದು, ಪೌರತ್ವ ನ್ಯೂಜಿಲೆಂಡಿನದು.

2025ರ ಜುಲೈನ ಬೂಜಿವಾಲ್ ಒಪ್ಪಂದ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಿಲ್ಲಲು ನೋಡಿತು: ಫ್ರಾನ್ಸ್ ಒಳಗೇ ಒಂದು ‘ರಾಜ್ಯ’, ಅದಕ್ಕೆ ತನ್ನದೇ ರಾಷ್ಟ್ರೀಯತೆ. ಸ್ವಾತಂತ್ರ್ಯವಾದಿಗಳ ಪ್ರಮುಖ ಒಕ್ಕೂಟ ಎಫ್‌ಎಲ್‌ಎನ್‌ಕೆಎಸ್ ಒಂದೇ ತಿಂಗಳಲ್ಲಿ ಅದನ್ನು ತಿರಸ್ಕರಿಸಿತು.

ನಮ್ಮ ಪಾಂಡಿಚೇರಿ ನೆನಪಾಗಬಹುದು. 1954ರಲ್ಲಿ ಕೀಳೂರಿನಲ್ಲಿ 178 ಪ್ರತಿನಿಧಿಗಳು ಮತ ಹಾಕಿದರು, 170 ಜನ ಭಾರತದ ಪರ. ಆ ವರ್ಷವೇ ಅಧಿಕಾರ ಹಸ್ತಾಂತರವಾಯಿತು. ಆದರೆ ಪಾಂಡಿಚೇರಿಗೆ ಸೇರಿಕೊಳ್ಳಲು ಪಕ್ಕದಲ್ಲೇ ದೇಶವಿತ್ತು, ವಲಸಿಗರು ಬಹುಸಂಖ್ಯೆಯಲ್ಲಿ ನೆಲೆಸಿರಲಿಲ್ಲ. ನ್ಯೂ ಕ್ಯಾಲೆಡೋನಿಯಾಕ್ಕೆ ಎರಡೂ ಅನುಕೂಲವಿಲ್ಲ.

ನನ್ನ ಲೆಕ್ಕದಲ್ಲಿ ಬಾಳುವ ದಾರಿ ಮೂರನೆಯದು. ಆದರೆ ಷರತ್ತಿದೆ: ಬೇಕೆಂದಾಗ ಹೊರಬರುವ ಹಕ್ಕು ದ್ವೀಪದ ಕೈಯಲ್ಲಿರಬೇಕು. ತಲೆಮಾರುಗಳಿಂದ ಅಲ್ಲೇ ಹುಟ್ಟಿ ಬೆಳೆದ ಬಿಳಿಯರಿಗೂ ಅದು ಊರೇ, ಅವರನ್ನು ಓಡಿಸೋದು ನ್ಯಾಯವಲ್ಲ. ಹಾಗಂತ ನಿನ್ನೆ ಬಂದವರ ಮತದಿಂದ ಮೊದಲಿದ್ದವರ ಭವಿಷ್ಯ ಬರೆಯೋದೂ ನ್ಯಾಯವಲ್ಲ. ಮತದಾರರ ಪಟ್ಟಿ ಇಬ್ಬರೂ ಕೂತು ಒಪ್ಪುವವರೆಗೆ ನಾಲ್ಕನೇ ಜನಮತಗಣನೆ ಮಾಡಿದರೂ ಅದು ಐದನೆಯದಕ್ಕೆ ಪೀಠಿಕೆ ಅಷ್ಟೆ.