ಸೀಸ ಸಿಡಿದರೆ ದೃಷ್ಟಿ ತಗುಲಿತೆಂದಲ್ಲ

ಮಳೆ ಚೆನ್ನಾಗಿ ಆಗಿಯೋ ಹೇಮಾವತಿ ನಾಲೆಯ ನೀರು ಹರಿದೋ ಕುಣಿಗಲ್ ದೊಡ್ಡಕೆರೆ, ಗುಬ್ಬಿ ಕೆರೆ, ಕಡಬದ ಕೆರೆ ತುಂಬಿದವೆಂದರೆ ದಡದ ಊರುಗಳಲ್ಲಿ ಬೀಸುಬಲೆಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಬಲೆ ಬೀಸಿದಾಗ ಅದರ ಅಂಚು ಮೀನಿಗಿಂತ ಬೇಗ ತಳ ಮುಟ್ಟಬೇಕು. ಅದಕ್ಕಾಗಿ ಅಂಚಿನ ಹಗ್ಗದ ಉದ್ದಕ್ಕೂ ಸೀಸದ ಮಣಿ ಪೋಣಿಸಿರುತ್ತಾರೆ. ಗಾಳ ಹಾಕುವವರಿಗೂ ಒಂದೊಂದು ಸೀಸದ ಗುಂಡು ಬೇಕು. ಅಂಗಡಿಯಲ್ಲಿ ಸಿದ್ಧ ಮಣಿ ಸಿಗುತ್ತದೆ, ನಿಜ. ಆದರೂ ಗುಜರಿಯಿಂದ ಹಳೆಯ ಸೀಸ ತಂದು ಹಿತ್ತಲಲ್ಲಿ ಕರಗಿಸಿ ಎರಕ ಹೊಯ್ದುಕೊಳ್ಳುವ ರೂಢಿ ಹೋಗಿಲ್ಲ.

ಈ ಕೆಲಸಕ್ಕೆ ಅಂಟಿಕೊಂಡ ನಂಬಿಕೆಗಳು ಬಹಳ. ಹಿರಿಯರು ಹೇಳಿದರು, ನಾವು ನಂಬಿದೆವು, ಮುಂದಿನವರಿಗೂ ಹೇಳಿದೆವು. ಕೆಲವು ನಂಬಿಕೆಗಳಿಂದ ಮಣಿ ಮಾತ್ರ ಕೆಡುತ್ತದೆ. ಇನ್ನು ಕೆಲವು ಮನೆಯ ಮಕ್ಕಳನ್ನೇ ಕೆಡಿಸುತ್ತವೆ. ಎರಡಕ್ಕೂ ಉತ್ತರ ಹೇಳಬೇಕಾಗಿದೆ.

ತಪ್ಪು ಕಲ್ಪನೆ: ಕರಗಿದ ಸೀಸ ಇದ್ದಕ್ಕಿದ್ದಂತೆ ಸಿಡಿದರೆ ಯಾರದೋ ಕೆಟ್ಟ ಕಣ್ಣು ಬಿದ್ದಿದೆ. ಅಮಾವಾಸ್ಯೆಯ ದಿನ ಒಲೆ ಹೂಡಬಾರದು. ಮೊದಲೇ ನಿಂಬೆಹಣ್ಣು ಕೊಯ್ದಿಟ್ಟರೆ ಸಿಡಿಯುವುದಿಲ್ಲ.

ವಾಸ್ತವ: ಸಿಡಿಸುವುದು ನೀರು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು ಕುದಿಯುವುದು 100 ಡಿಗ್ರಿಯಲ್ಲಿ. ಒಂದು ಮಿಲಿಲೀಟರ್ ನೀರು ಆವಿಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ಆ ಹನಿ ಸೀಸದ ಕೆಳಗೆ ಸಿಕ್ಕಿಕೊಂಡಿದ್ದರೆ ಮೇಲಿನ ಸೀಸವನ್ನೆಲ್ಲ ಎತ್ತಿ ಎಸೆದೇ ಹೊರಬರುತ್ತದೆ. ಮುಖ, ಕಣ್ಣು, ಮುಂಗೈ ಸುಡುವುದು ಹೀಗೆ.

ಕಾದ ಸೀಸದ ಮೇಲೆ ಒಂದು ಹನಿ ನೀರು ಚಿಮುಕಿಸಿ, ಅದು ಉರುಳಾಡಿ ಮಾಯವಾದದ್ದನ್ನು ತೋರಿಸಿ, ನೀರಿನಿಂದ ಏನೂ ಆಗುವುದಿಲ್ಲ ಎನ್ನುವವರಿದ್ದಾರೆ. ಅವರು ಕಂಡದ್ದು ಸುಳ್ಳಲ್ಲ. ಮೇಲೆ ಬಿದ್ದ ಹನಿಯ ಆವಿಗೆ ಹೋಗಲು ದಾರಿ ಇದೆ. ಕೆಳಗೆ ಸಿಕ್ಕ ಹನಿಗೆ ಆ ದಾರಿ ಇಲ್ಲ. ಹಾಗಾಗಿ ಅಪಾಯ ಇರುವುದು ಒದ್ದೆ ಅಚ್ಚಿನಲ್ಲಿ, ತೊಳೆದು ಒಣಗಿಸದ ಸೌಟಿನಲ್ಲಿ, ಮಳೆಗೆ ನೆನೆದ ಗುಜರಿಯ ತುಂಡನ್ನು ಕರಗಿದ ಸೀಸಕ್ಕೆ ಎಸೆಯುವುದರಲ್ಲಿ. ಹಳೆಯ ಪೈಪಿನ ಚೂರಿನೊಳಗೆ ತೇವ ಉಳಿದಿರುವುದು ಹೊರಗಿಂದ ಕಾಣುವುದೇ ಇಲ್ಲ. ಹೊಸ ತುಂಡುಗಳನ್ನು ತಣ್ಣಗಿರುವ ಪಾತ್ರೆಗೇ ಹಾಕಿ ನಿಧಾನಕ್ಕೆ ಕಾಯಿಸಿದರೆ, ಸೀಸ ಕರಗುವ ಮೊದಲೇ ತೇವ ಆವಿಯಾಗಿ ಹೋಗುತ್ತದೆ. ಮಣ್ಣಿನ ಅಚ್ಚಾದರೆ ಬಿಸಿಲು ಸಾಲದು, ಬೆಂಕಿಯ ಪಕ್ಕದಲ್ಲಿಟ್ಟು ಒಣಗಿಸಬೇಕು. ಇನ್ನು ನಿಂಬೆಹಣ್ಣು: ಒಲೆಯ ಪಕ್ಕದಲ್ಲಿ ಕೊಯ್ದರೆ ಆ ರಸವೂ ನೀರೇ.

ಅಮಾವಾಸ್ಯೆಯ ಮಾತು ಎಲ್ಲಿಂದ ಬಂತೋ, ಯಾರ ಮನಸ್ಸನ್ನೂ ನೋಯಿಸುವುದು ಬೇಡ. ಆ ದಿನ ಕೆಲಸಕ್ಕೆ ಬಿಡುವು ಕೊಟ್ಟರೆ ನಷ್ಟವಿಲ್ಲ. ಮಿಕ್ಕ ದಿನಗಳಲ್ಲಿ ಒದ್ದೆ ಅಚ್ಚಿಗೆ ಹೊಯ್ದರೆ ಮಾತ್ರ ಯಾವ ತಿಥಿಯೂ ಕಾಯುವುದಿಲ್ಲ.

ತಪ್ಪು ಕಲ್ಪನೆ: ಮಣಿಯಲ್ಲಿ ಸುಕ್ಕು ಬಿದ್ದರೆ, ಅಂಚು ತುಂಬದಿದ್ದರೆ, ಒಳಗೆ ಟೊಳ್ಳಾದರೆ ಗುಜರಿಯವನು ಕಲಬೆರಕೆ ಸೀಸ ಕೊಟ್ಟಿದ್ದಾನೆ.

ವಾಸ್ತವ: ಬಹುಪಾಲು ಸಲ ಸೀಸ ಸರಿಯಾಗಿಯೇ ಇರುತ್ತದೆ, ಅಚ್ಚು ತಣ್ಣಗಿರುತ್ತದೆ. ಹತ್ತಿರದಿಂದ ನೋಡಿ. ಎರಡು ಹೋಳಿನ ಬಳಪದ ಕಲ್ಲಿನ ಅಚ್ಚು, ಹಗ್ಗ ತೂರಿಸುವ ತೂತಿಗಾಗಿ ನಡುವೆ ಒಂದು ಸೈಕಲ್ ಕಡ್ಡಿ, ಸುತ್ತ ಬಿಗಿದ ಬೈಂಡಿಂಗ್ ವಯರ್. ಮೊದಲ ಸೌಟು ಹೊಯ್ದಾಗ ಸೀಸ ಕಲ್ಲನ್ನು ಮುಟ್ಟಿದಲ್ಲೇ ಹೆಪ್ಪುಗಟ್ಟುತ್ತದೆ. ಹಿಂದಿನಿಂದ ಬಂದ ಸೀಸ ಅದರ ಮೇಲೆ ಮಡಿಚಿ ನಿಲ್ಲುತ್ತದೆ. ಹಾಲಿನ ಕೆನೆಯಂತೆ ಕಾಣುವ ಆ ಮಡಿಕೆಯೇ ಸುಕ್ಕು. ಮೊದಲ ಕೆಲವು ಮಣಿಗಳನ್ನು ಮತ್ತೆ ಪಾತ್ರೆಗೆ ಹಾಕಿ ಕೆಲಸ ಮುಂದುವರಿಸಿದರೆ ಅಚ್ಚು ತಾನಾಗಿ ಕಾದು ಸುಕ್ಕು ಹೋಗುತ್ತದೆ.

ಅಚ್ಚು ಕಾದ ಮೇಲೂ ಸುಕ್ಕು ಬಿದ್ದರೆ ಎಣ್ಣೆಯ ಮೇಲೆ ಕಣ್ಣಿಡಬೇಕು. ಮಣಿ ಸಲೀಸಾಗಿ ಬಿಡಲಿ ಎಂದು ಅಚ್ಚಿಗೆ ಹರಳೆಣ್ಣೆ ಸವರುತ್ತಾರೆ. ಎಣ್ಣೆ ಸುಟ್ಟು ಬರುವ ಹೊಗೆ ಹೋಗಲು ದಾರಿ ಇಲ್ಲದೆ ಸೀಸವನ್ನು ತಳ್ಳಿ ನಿಲ್ಲಿಸುತ್ತದೆ. ಎಣ್ಣೆಯ ಬದಲು ದೀಪದ ಮಸಿಯನ್ನು ತೆಳ್ಳಗೆ ಹಿಡಿಸಿದರೆ ಮಣಿಯೂ ಬಿಡುತ್ತದೆ, ಸುಕ್ಕೂ ಇಲ್ಲ. ಹಳಬರ ಈ ಉಪಾಯ ಸರಿಯಾಗಿಯೇ ಇದೆ.

ಟೊಳ್ಳಿನ ಕಾರಣ ಬೇರೆ. ಸೀಸ ಗಟ್ಟಿಯಾಗುವಾಗ ನೂರಕ್ಕೆ ಮೂರು ನಾಲ್ಕು ಪಾಲಿನಷ್ಟು ಕುಗ್ಗುತ್ತದೆ. ಆ ಕೊರತೆಯನ್ನು ತುಂಬಲು ಅಚ್ಚಿನ ಬಾಯಿಯ ಮೇಲೆ ಇನ್ನೂ ದ್ರವವಾಗಿರುವ ಸೀಸ ಸ್ವಲ್ಪ ಉಳಿದಿರಬೇಕು. ಬಾಯಿಗೆ ಸಮನಾಗಿ ಹೊಯ್ದು ಕೈ ಎತ್ತಿದರೆ ನಡುವೆ ಗುಳಿ ಬೀಳುವುದು ಖಂಡಿತ. ಮಣಿಯ ಮೈ ಬಿಳಿಚಿಕೊಂಡು ಉಪ್ಪು ಹಿಡಿದ ಹಾಗೆ ಕಂಡರೆ ಅಚ್ಚೋ ಸೀಸವೋ ಅತಿಯಾಗಿ ಕಾದಿದೆ ಎಂದಷ್ಟೇ ಅರ್ಥ. ಬಲೆಗೆ ಅದರಿಂದ ತೊಂದರೆಯಿಲ್ಲ.

ಕಲಬೆರಕೆ ಇಲ್ಲವೇ ಇಲ್ಲ ಎಂದೂ ಹೇಳುವಂತಿಲ್ಲ. ಕಾರಿನ ಚಕ್ರಕ್ಕೆ ಬಡಿಯುವ ಬ್ಯಾಲೆನ್ಸಿಂಗ್ ತೂಕಗಳು ಮೊದಲು ಸೀಸದವು, ಈಗ ಸತುವಿನವೂ ಕಬ್ಬಿಣದವೂ ಬರುತ್ತಿವೆ. ಸತು ಸ್ವಲ್ಪ ಸೇರಿದರೂ ಕರಗಿದ ಸೀಸ ಗಂಜಿಯಂತಾಗಿ ಹರಿಯುವುದಿಲ್ಲ. ಆದರೆ ಸತು ಕರಗಲು 419 ಡಿಗ್ರಿ ಬೇಕು. ಉರಿ ಹದದಲ್ಲಿದ್ದರೆ ಸತುವಿನ ತುಂಡು ಕರಗದೆ ಮೇಲೆ ತೇಲುತ್ತದೆ, ಸೌಟಿನಿಂದ ಎತ್ತಿ ಹಾಕಬಹುದು.

ತಪ್ಪು ಕಲ್ಪನೆ: ಪಾತ್ರೆ ಕೆಂಪಗಾಗುವವರೆಗೆ ಕಾಯಿಸಿದರೆ ಎರಕ ಚೆನ್ನಾಗಿ ಬರುತ್ತದೆ.

ವಾಸ್ತವ: ನಮ್ಮ ಊರುಗಳಲ್ಲಿ ಅತಿ ಹೆಚ್ಚು ಕೇಡು ಮಾಡಿರುವ ಸಲಹೆ ಇದೇ ಇರಬೇಕು. ಕಬ್ಬಿಣದ ಪಾತ್ರೆ ಕತ್ತಲಲ್ಲಿ ಮಂದವಾಗಿ ಕೆಂಪಾಗತೊಡಗುವುದು 500 ಡಿಗ್ರಿಯ ಆಸುಪಾಸಿನಲ್ಲಿ. ಎರಕಕ್ಕೆ ಅಷ್ಟು ಬೇಡವೇ ಬೇಡ, 350ರಿಂದ 400 ಸಾಕು. ಥರ್ಮಾಮೀಟರ್ ಇಲ್ಲದವರು ಒಣಗಿದ ತೆಂಗಿನ ಗರಿಯ ಕಡ್ಡಿಯನ್ನು ಅದ್ದಿ ನೋಡಬಹುದು: ಕಡ್ಡಿ ಕಪ್ಪಾಗಬೇಕು, ಹೊತ್ತಿ ಉರಿಯಬಾರದು. ಇದಕ್ಕಿಂತ ಹೆಚ್ಚು ಕಾಯಿಸಿದಷ್ಟೂ ಸೀಸ ಗಾಳಿಯ ಜೊತೆ ಸೇರಿ ಕಿಟ್ಟವಾಗುತ್ತದೆ, ಆವಿಯಾಗಿ ಏಳುವ ಸೀಸವೂ ಹೆಚ್ಚುತ್ತದೆ. ತೆಳ್ಳನೆಯ ಅಲ್ಯೂಮಿನಿಯಂ ಪಾತ್ರೆಯಾದರೆ ಆ ಉರಿಗೆ ತಳ ಮೆದುವಾಗಿ ಕುಸಿಯುವ ಭಯ ಬೇರೆ. ದಪ್ಪ ಕಬ್ಬಿಣದ ಪಾತ್ರೆಯೇ ಬೇಕು.

ಮೇಲೆ ಕಟ್ಟುವ ಬೂದು ಹಳದಿ ಕಿಟ್ಟವನ್ನು ಗೋರಿ ಬೇಲಿಯ ಬುಡಕ್ಕೆ ಎಸೆಯುತ್ತೇವೆ. ಅದು ಬೂದಿಯಲ್ಲ, ಪುಡಿಯಾದ ಸೀಸ. ಕೋಳಿ ಕೆದಕುವ, ಮಕ್ಕಳು ಆಡುವ ಮಣ್ಣಿಗೆ ಅದು ಸೇರಿದರೆ ಮಳೆ ಬಿಸಿಲಿಗೆ ಕರಗಿ ಹೋಗುವಂಥದ್ದಲ್ಲ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಡಬೇಕು.

ತಪ್ಪು ಕಲ್ಪನೆ: ಹೊಗೆ ಕಾಣದಿದ್ದರೆ ಅಪಾಯವಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಕು.

ವಾಸ್ತವ: ಸೀಸದ ಆವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಟವೆಲ್ಲಿನ ನೇಯ್ಗೆಯಲ್ಲಿ ಅದು ಸಲೀಸಾಗಿ ನುಸುಳುತ್ತದೆ. ಅದಕ್ಕಿಂತ ದೊಡ್ಡ ದಾರಿ ಬಾಯಿ. ಸೀಸ ಹಿಡಿದ ಕೈಯಲ್ಲೇ ಬೀಡಿ, ಅದೇ ಕೈಯಲ್ಲಿ ಎಲೆಯಡಿಕೆ, ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳುವುದು. ಮಣಿಯ ಅಂಚನ್ನು ಅರದಿಂದ ಉಜ್ಜುವಾಗ ಬೀಳುವ ಪುಡಿ, ಬಲೆಗೆ ಮಣಿ ಕಚ್ಚಿಸಲು ಹಲ್ಲಿನಿಂದ ಒತ್ತುವ ಅಭ್ಯಾಸ, ಇವೂ ಸೇರುತ್ತವೆ. ಸೀಸವನ್ನು ಹಲ್ಲಿನಿಂದ ಕಚ್ಚುವುದನ್ನಂತೂ ಇವತ್ತೇ ಬಿಡಬೇಕು. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡುವುದು, ಮುಗಿದ ಕೂಡಲೇ ಸೋಪಿನಿಂದ ಕೈ ಮುಖ ತೊಳೆಯುವುದು, ಆ ಬಟ್ಟೆಯನ್ನು ಬೇರೆಯಾಗಿಯೇ ಒಗೆಯುವುದು ದುಬಾರಿಯ ಕೆಲಸವೇನಲ್ಲ.

ಮಕ್ಕಳು ಹತ್ತಿರ ಇರಕೂಡದು ಎನ್ನುವುದು ಸುಡುವ ಭಯಕ್ಕೆ ಮಾತ್ರವಲ್ಲ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಆಗುವ ಹಾನಿ ಮತ್ತೆ ಸರಿಹೋಗುವುದಿಲ್ಲ. ಗರ್ಭಿಣಿಯ ಮೈಯಲ್ಲಿರುವ ಸೀಸ ಹೊಟ್ಟೆಯಲ್ಲಿರುವ ಮಗುವಿಗೂ ತಲುಪುತ್ತದೆ.

ತಪ್ಪು ಕಲ್ಪನೆ: ಕೆಲಸ ಮುಗಿದ ಮೇಲೆ ಬೆಲ್ಲ ತಿಂದು ಹಾಲು ಕುಡಿದರೆ ಒಳಗೆ ಹೋದ ಸೀಸ ತೊಳೆದುಹೋಗುತ್ತದೆ.

ವಾಸ್ತವ: ತೊಳೆದುಹೋಗುವುದಿಲ್ಲ. ರಕ್ತ ಸೇರಿದ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕು. ಮೂಳೆ ಸೇರಿದ್ದು ದಶಕಗಳ ಕಾಲ ಅಲ್ಲೇ ಕೂರುತ್ತದೆ. ಈ ನಂಬಿಕೆಯಲ್ಲಿ ಒಂದು ಎಳೆ ಸತ್ಯ ಇದೆ, ಅದನ್ನೂ ಹೇಳಬೇಕು: ದಿನದ ಊಟದಲ್ಲಿ ಕ್ಯಾಲ್ಸಿಯಂ, ಕಬ್ಬಿಣದ ಅಂಶ ಸಾಕಷ್ಟಿದ್ದರೆ ಮೈ ಸೀಸವನ್ನು ಹೀರುವುದು ಕಡಿಮೆ. ರಾಗಿ ಮುದ್ದೆ, ಸೊಪ್ಪಿನ ಸಾರು, ಹಾಲು ಮೊಸರು ಈ ಲೆಕ್ಕದಲ್ಲಿ ಒಳ್ಳೆಯದೇ. ಅದು ದಿನವೂ ಇರಬೇಕಾದ ಊಟ, ಕೆಲಸ ಮುಗಿಸಿ ತಿನ್ನುವ ಔಷಧಿಯಲ್ಲ. ಕೈ ತೊಳೆಯದೆ ಬೆಲ್ಲ ಮುರಿದು ತಿಂದರೆ ಬೆಲ್ಲದ ಜೊತೆ ಸೀಸವೂ ಹೋಯಿತು.

ತಪ್ಪು ಕಲ್ಪನೆ: ಸೀಸ ಕರಗಿಸಿದ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದರೆ ಮತ್ತೆ ಅಡುಗೆಗೆ ಬಳಸಬಹುದು.

ವಾಸ್ತವ: ಬಳಸಬಾರದು. ಸಂದುಗೊಂದುಗಳಲ್ಲಿ ಉಳಿದ ಸೀಸವನ್ನು ಹುಳಿಯೇ ಕರಗಿಸಿ ಸಾರಿಗೆ ಸೇರಿಸುತ್ತದೆ. ಪಾತ್ರೆ, ಸೌಟು, ಒಲೆ ಮೂರೂ ಬೇರೆಯೇ ಇರಲಿ.

ತಪ್ಪು ಕಲ್ಪನೆ: ಕೆಟ್ಟ ಬ್ಯಾಟರಿ ಒಡೆದರೆ ಪುಕ್ಕಟೆ ಸೀಸ ಸಿಗುತ್ತದೆ.

ವಾಸ್ತವ: ತುಮಕೂರಿನಂಥ ಊರಿನಲ್ಲಿ ಆಟೊ, ಟ್ರ್ಯಾಕ್ಟರ್, ಯುಪಿಎಸ್ ಬ್ಯಾಟರಿಗಳಿಗೆ ಬರವಿಲ್ಲ, ಆಸೆ ಹುಟ್ಟುವುದು ಸಹಜ. ಆದರೆ ಬ್ಯಾಟರಿಯೊಳಗೆ ಲೋಹವಾಗಿ ಇರುವ ಸೀಸ ಒಂದು ಪಾಲು ಮಾತ್ರ. ಉಳಿದದ್ದು ಸೀಸದ ಆಕ್ಸೈಡ್ ಮತ್ತು ಸಲ್ಫೇಟಿನ ಮೆದು ಪುಡಿ, ಜೊತೆಗೆ ಗಂಧಕಾಮ್ಲ. ಹಿತ್ತಲಿನ ಒಲೆಯಲ್ಲಿ ಆ ಪುಡಿ ಲೋಹವಾಗುವುದಿಲ್ಲ, ನೆಲಕ್ಕೂ ಗಾಳಿಗೂ ಸೇರುತ್ತದೆ.

ಇದರ ಬೆಲೆ ಏನೆಂದು ಸೆನೆಗಲ್ ದೇಶದ ರಾಜಧಾನಿ ಡಾಕರ್ ಪಕ್ಕದ ತಿಯಾರೊಯೆ ಸುರ್ ಮೇರ್ ಎಂಬ ಬಡಾವಣೆ ಕಂಡಿದೆ. ಹಳೆಯ ಬ್ಯಾಟರಿ ಒಡೆದಿದ್ದ ಜಾಗದ ಮಣ್ಣಿನಲ್ಲಿ ಸೀಸ ಇದೆಯೆಂದು ಗೊತ್ತಾಗಿ ಜನ ಅದನ್ನು ಅಗೆದು, ಜರಡಿ ಹಿಡಿದು, ಮನೆಗೂ ಒಯ್ದರು. 2007ರ ನವೆಂಬರಿನಿಂದ 2008ರ ಮಾರ್ಚ್‌ವರೆಗೆ ಅಲ್ಲಿ 18 ಮಕ್ಕಳು ಸತ್ತರು. ನಮ್ಮಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ತಲುಪಬೇಕು. ಹೊಸದು ಕೊಳ್ಳುವಾಗ ಹಳೆಯದಕ್ಕೆ ಅಂಗಡಿಯವರು ಬೆಲೆ ಹಿಡಿದುಕೊಳ್ಳುತ್ತಾರೆ. ಒಡೆಯುವುದಕ್ಕಿಂತ ಅದೇ ಲಾಭ.

ತಪ್ಪು ಕಲ್ಪನೆ: ಬೆಳೆ ಕಾಯಲು ಲೈಸೆನ್ಸ್ ಇರುವ ಕೋವಿ ಇದ್ದರೆ, ಮಣಿ ಹೊಯ್ದಂತೆ ಕೋವಿಯ ಗುಂಡನ್ನೂ ಮನೆಯಲ್ಲೇ ಹೊಯ್ದುಕೊಳ್ಳಬಹುದು.

ವಾಸ್ತವ: ಕೋವಿ ಇಟ್ಟುಕೊಳ್ಳುವ ಪರವಾನಗಿ ಬೇರೆ, ಮದ್ದುಗುಂಡು ತಯಾರಿಸುವ ಪರವಾನಗಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕೆನ್ನುತ್ತದೆ. ಅದನ್ನು ಮೀರಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಬಲೆಯ ಮಣಿಯಲ್ಲಿ ಕೈ ಪಳಗಿತೆಂದು ಈ ದಾರಿ ಹಿಡಿಯಬೇಡಿ.

ತಪ್ಪು ಕಲ್ಪನೆ: ಸೀಸದ ಬಲೆ ಬೀಸಿದ ಕೆರೆಯ ಮೀನೆಲ್ಲ ವಿಷ.

ವಾಸ್ತವ: ಇದು ಈಚಿನ ವದಂತಿ, ಮೀನು ಮಾರಿ ಬದುಕುವವರ ಹೊಟ್ಟೆಗೆ ಹೊಡೆಯುವಂಥದ್ದು. ಗಟ್ಟಿ ಲೋಹದ ಸೀಸ ಕೆರೆಯ ನೀರಿನಲ್ಲಿ ಬಹಳ ನಿಧಾನಕ್ಕೆ ಕರಗುತ್ತದೆ. ಬಲೆ ನೀರಿಗೆ ಬಿದ್ದು ಎದ್ದ ಮಾತ್ರಕ್ಕೆ ರೋಹು, ಕಾಟ್ಲಾ ವಿಷವಾಗುವುದಿಲ್ಲ. ಕಿತ್ತುಹೋಗಿ ಕೆರೆಯಲ್ಲೇ ಉಳಿಯುವ ಸಣ್ಣ ಗುಂಡುಗಳ ಮಾತು ಬೇರೆ. ಹಂಸ, ಬಾತುಗಳು ಆಹಾರ ಅರೆಯಲು ಸಣ್ಣ ಕಲ್ಲು ನುಂಗುತ್ತವೆ, ಜೊತೆಗೆ ಸೀಸವನ್ನೂ ನುಂಗಿ ಸಾಯುತ್ತವೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸತ್ತದ್ದರಿಂದಲೇ 1987ರಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು. ಸೀಸ ಬೇಡವೆನ್ನುವವರಿಗೆ ಕಬ್ಬಿಣದ ನಟ್ಟು, ಬಳೆಗಳಿವೆ. ಸೀಸದ ಸಾಂದ್ರತೆ 11.3, ಕಬ್ಬಿಣದ್ದು 7.9. ನೀರಿನಲ್ಲಿ ಅದೇ ಭಾರ ಸಿಗಲು ಗಾತ್ರ ಒಂದೂವರೆ ಪಟ್ಟು ಆಗಬೇಕು, ತುಕ್ಕೂ ಹಿಡಿಯುತ್ತದೆ. ಬಲೆಯ ಅಂಚಿಗೆ ಅದು ಸ್ವಲ್ಪ ಒರಟು, ಗಾಳಕ್ಕೆ ಧಾರಾಳ ಸಾಕು.

ತಪ್ಪು ಕಲ್ಪನೆ: ಸೀಸ ಮೈಗೆ ಹತ್ತಿದ್ದರೆ ಹೊಟ್ಟೆನೋವೋ ವಾಂತಿಯೋ ಬಂದು ಗೊತ್ತಾಗಿಯೇ ಆಗುತ್ತದೆ.

ವಾಸ್ತವ: ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ರಕ್ತಹೀನತೆ, ಮುಂಗೈ ಜೋತುಬೀಳುವುದು ಬಹಳ ಸೀಸ ಸೇರಿದ ಮೇಲೆ ಬರುವಂಥವು. ಅದಕ್ಕೆ ಎಷ್ಟೋ ಮೊದಲು, ಹೊರಗೆ ಏನೂ ಕಾಣದಿರುವಾಗಲೇ ಮಕ್ಕಳ ಕಲಿಕೆ, ಗಮನ ಕುಂದುತ್ತವೆ. ಮಗು ಮಂಕಾಯಿತೆಂದು ನಾವು ಶಾಲೆಯನ್ನೋ ಗ್ರಹಗತಿಯನ್ನೋ ದೂರುತ್ತೇವೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಹೊರತಂದ ವರದಿಯ ಅಂದಾಜಿನಂತೆ ಭಾರತದಲ್ಲಿ 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಮೀರಿದೆ. ಆ ಮಟ್ಟ ಮುಟ್ಟಿದರೇ ಮೂಲ ಹುಡುಕಿ ನಿಲ್ಲಿಸಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಅದಕ್ಕಿಂತ ಕಡಿಮೆಯಿದ್ದರೆ ಕ್ಷೇಮ ಎಂದು ಅದು ಎಲ್ಲೂ ಹೇಳಿಲ್ಲ.

ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಸೀಸ ಕಾಣುವುದಿಲ್ಲ. ಮನೆಯಲ್ಲಿ ಸೀಸ ಕರಗಿಸುತ್ತೇವೆ ಎಂದು ವೈದ್ಯರಿಗೆ ಬಾಯಿ ಬಿಟ್ಟು ಹೇಳಿ, ರಕ್ತದ ಸೀಸದ ಪ್ರಮಾಣವನ್ನೇ ನೋಡುವ ಬ್ಲಡ್ ಲೆಡ್ ಪರೀಕ್ಷೆ ಬರೆಸಿಕೊಳ್ಳಬೇಕು. ಫಲಿತಾಂಶ ಹೆಚ್ಚು ಬಂದರೆ ಚಿಕಿತ್ಸೆಯ ಮೊದಲ ಹೆಜ್ಜೆ ಔಷಧಿಯಲ್ಲ. ಒಲೆ, ಅಚ್ಚು, ಕಿಟ್ಟದ ಡಬ್ಬಿ ಮೂರೂ ಮನೆಯಿಂದ ಹೊರಗೆ ಹೋಗಬೇಕು, ಅಂಗಳದ ಧೂಳನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದರೆ ಮೂಲ ನಿಂತಿದೆಯೋ ಇಲ್ಲವೋ ತಿಳಿಯುತ್ತದೆ.