ಯುಪಿಎಸ್ ಕೊಳ್ಳುವ ಮೊದಲು ಮೀಟರಿನ ಮಿಣುಕು ಎಣಿಸಿರಿ

ಹೋದ ಹಿಂಗಾರಿಯ ಮಾತು. ನಮ್ಮ ಗುಂಪಿನ 42 ಜನರ ಕಡಲೆ ಬೀಜದ ಲೆಕ್ಕ ನಮ್ಮ ಮನೆಯ ಕಂಪ್ಯೂಟರಿನಾಗ ಇತ್ತು. ಯಾರು ಎಷ್ಟು ಕಿಲೋ ಒಯ್ದರು, ಯಾರು ರೊಕ್ಕ ಕೊಟ್ಟರು, ಯಾರದು ಬಾಕಿ, ಎಲ್ಲಾ ಅದರಾಗ. ಕಂಪ್ಯೂಟರ್ ಬಂದ ಮೇಲೆ ಕಾಗದದ ವಹಿ ಬರೆಯುವುದನ್ನು ಬಿಟ್ಟಿದ್ದೆ. ಅದು ನನ್ನ ಮೊದಲ ತಪ್ಪು.

ಒಂದು ಸಂಜೆ ಮಗಳು ಕೂತು ಲೆಕ್ಕ ಹೊಡೆಯುತ್ತಿದ್ದಳು. ಲೈಟ್ ಹೋತು. ಯುಪಿಎಸ್ ಇತ್ತು, ಇಲ್ಲ ಅಂತಲ್ಲ. ಅದು ಒಂದು ಸಲ ಚೀರಿತು, ಅಷ್ಟರಾಗ ಕಂಪ್ಯೂಟರ್ ಆರಿತು. ಲೈಟ್ ಬಂದ ಮೇಲೆ ನೋಡಿದರೆ ಲೆಕ್ಕದ ಫೈಲೇ ತೆರೆಯಲಿಲ್ಲ. ಎರಡು ತಿಂಗಳ ಬರಹ ಹೋಯಿತು. ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡು ಬಂದೆ. ಮೂರು ಜನರ ಲೆಕ್ಕ ಕೂಡಲಿಲ್ಲ. ಕೊಟ್ಟೇವಿ ಅಂದರು, ಕೊಟ್ಟಿರಲೂಬಹುದು. ಕಟ್ಟೆಯ ಮೇಲೆ ಮಾತು ಬಂತು. 2,300 ರೂಪಾಯಿ ನನ್ನ ಕೈಯಿಂದ ತುಂಬಿ ಮುಗಿಸಿದೆ. ರೊಕ್ಕಕ್ಕಿಂತ ಆ ಮಾತು ಭಾರ ಆತು.

ಡಬ್ಬಿ ಇದ್ದೂ ಯಾಕೆ ಹೀಗಾಯಿತು ಎಂದು ಹುಡುಕಲು ಹೋಗಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಏಳನೆತ್ತೆ ಕಲಿತವ. ನನಗೆ ತಿಳಿದದ್ದು ನಿಮಗೆ ತಿಳಿಯದೆ ಇರದು.

ಬ್ಯಾಟರಿ ಲೈಟ್ ಹೋಗುವ ಮೊದಲೇ ಖಾಲಿ

ನಮ್ಮ ಮುನವಳ್ಳಿ ಕಡೆ ಹಿಂಗಾರಿಯಲ್ಲಿ ಪಂಪುಗಳು ಜೋರಾಗಿ ಓಡುತ್ತವೆ. ಊರಿನ ಲೈನ್ ಬೇರೆ, ಹೊಲದ ಲೈನ್ ಬೇರೆ ಆದ ಮೇಲೆ ಮೊದಲಿನಷ್ಟು ತ್ರಾಸಿಲ್ಲ, ಖರೆ. ಆದರೂ ಲೈನಿನ ತುದಿಗೆ ಇರುವ ಮನೆಗಳಲ್ಲಿ ಸಂಜೆ ವೋಲ್ಟೇಜು ಕುಸಿಯುತ್ತದೆ. ವೈರಿಂಗ್ ಮಾಡುವ ಹುಡುಗನನ್ನು ಕರೆದು ಅಳೆಸಿದೆ. 160 ಇತ್ತು. ಇರಬೇಕಾದದ್ದು 230. ನಮ್ಮ ಡಬ್ಬಿಯ ಬೆನ್ನ ಮೇಲೆ 170ರಿಂದ 270 ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು.

"ಕಾಕಾ, ಇದು 170ಕ್ಕಿಂತ ಕೆಳಗ ಬಂದ್ರ ಲೈಟ್ ಹೋತು ಅಂತ ತಿಳಕೊಂಡು ಬ್ಯಾಟರಿಗೆ ಹೊಳ್ಳತೈತಿ. ದಿನಾ ಸಂಜಿಕೆ ಟಿಕ್ ಟಿಕ್ ಅಂತಿರಲಿಲ್ಲೇನು?" ಅಂದ.

ಅಂತಿತ್ತು. ನಾವು ಅದನ್ನು ಗಡಿಯಾರದ ಸಪ್ಪಳದಂತೆ ಬಿಟ್ಟುಬಿಟ್ಟಿದ್ದೆವು. ಅಂದರೆ ಲೈಟ್ ಇದ್ದಾಗಲೇ ಬ್ಯಾಟರಿ ಸೋರಿ ಹೋಗುತ್ತಿತ್ತು. ನಿಜವಾಗಿ ಲೈಟ್ ಹೋದಾಗ ಹಗೇವಿನ ಬಾಯಿ ತೆಗೆದರೆ ಒಳಗೆ ಕಾಳೇ ಇಲ್ಲ.

ಅದಕ್ಕೆ ಹಳ್ಳಿಯವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ಹೊತ್ತು ನಡೀತದ ಅಂತಲ್ಲ. ಎಷ್ಟು ವೋಲ್ಟೇಜಿನವರೆಗೆ ಬ್ಯಾಟರಿ ಮುಟ್ಟದೆ ತಡಕೊಂಡೀತು ಎಂದು ಕೇಳಬೇಕು. ಲೈನ್ ಇಂಟರಾಕ್ಟಿವ್ ಎನ್ನುವ ಜಾತಿಯ ಯುಪಿಎಸ್‌ನಲ್ಲಿ ಎವಿಆರ್ ಎಂಬ ಸಣ್ಣ ವ್ಯವಸ್ಥೆ ಇರುತ್ತದೆ. ಕಡಿಮೆ ವೋಲ್ಟೇಜನ್ನು ಅದು ಎತ್ತಿ ಕೊಡುತ್ತದೆ, ಹೆಚ್ಚಾದರೆ ಇಳಿಸುತ್ತದೆ. 140ರಿಂದ 300 ಎಂದು ಬರೆದದ್ದು ಸಿಗುತ್ತದೆ. ಬರೀ ಆಫ್‌ಲೈನ್ ಎನ್ನುವುದರಲ್ಲಿ ಇದು ಇರುವುದಿಲ್ಲ. ಪೇಟೆಯವರಿಗೆ ಅದು ನಡೆದೀತು, ನಮಗೆ ಬ್ಯಾಡ.

ಬೇಕಾದದ್ದು ಎಷ್ಟು ವ್ಯಾಟ್?

ಯುಪಿಎಸ್ ಮೇಲೆ 600 ವಿಎ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು 600 ವ್ಯಾಟ್ ಅಲ್ಲ. ಬೆನ್ನಿಗೆ ಹುಡುಕಿದರೆ 360 ವ್ಯಾಟ್ ಎಂದು ಇದ್ದೀತು. ಅರಳೆ ಅಂಡಿಗೆ ದೊಡ್ಡದು ಕಾಣುತ್ತದೆ, ತೂಕ ಬೇರೆ, ಹಾಗೆ ಇದು. ನೀವು ವ್ಯಾಟ್ ನೋಡಿರಿ.

ಇನ್ನು ಕಂಪ್ಯೂಟರಿಗೆ ಎಷ್ಟು ಬೇಕು? ಅದರ ಒಳಗಿನ ಪವರ್ ಡಬ್ಬಿಯ ಮೇಲೆ 450 ವ್ಯಾಟ್ ಎಂದಿರುತ್ತದೆ. ಅದನ್ನು ತೋರಿಸಿ ದೊಡ್ಡ ಯುಪಿಎಸ್ ಕೊಡುವವರು ಇದ್ದಾರೆ. 450 ಅದು ಕೊಡಬಲ್ಲ ಶಕ್ತಿ, ದಿನಾ ತಿನ್ನುವುದಲ್ಲ. ಚಕ್ಕಡಿ ಒಂದು ಟನ್ ಹೊರುತ್ತದೆ ಎಂದು ಸಂತೆಗೆ ಹೋಗುವಾಗ ಒಂದು ಟನ್ ಹೇರುತ್ತೇವೇನು?

ಖರೆ ತಿನ್ನುವುದನ್ನು ನಿಮ್ಮ ಮನೆಯ ಕರೆಂಟಿನ ಮೀಟರೇ ಹೇಳುತ್ತದೆ. ಈಗಿನ ಮೀಟರಿನ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. ನಮ್ಮದರ ಮೇಲೆ 3200 ಇದೆ, ನಿಮ್ಮದರ ಮೇಲೆ ಬೇರೆ ಇರಬಹುದು. ಮನೆಯ ದೀಪ, ಪಂಕಾ, ಫ್ರಿಜ್ ಎಲ್ಲಾ ಬಂದ್ ಮಾಡಿರಿ. ಯುಪಿಎಸ್ ತೆಗೆದು ಕಂಪ್ಯೂಟರ್ ಒಂದನ್ನೇ ನೇರ ಗೋಡೆಗೆ ಹಚ್ಚಿ ಕೆಲಸ ಮಾಡುತ್ತಿರಲಿ. ಐದು ನಿಮಿಷ ಮಿಣುಕು ಎಣಿಸಿರಿ. ನಮ್ಮದು 30 ಆಯಿತು. ತಾಸಿಗೆ 360. ಅದನ್ನು 3200ಕ್ಕೆ ಭಾಗಿಸಿ ಸಾವಿರದಿಂದ ಗುಣಿಸಿದರೆ 112 ವ್ಯಾಟ್. ಸಿಪಿಯು ಮತ್ತು ಪರದೆ ಎರಡೂ ಸೇರಿ ಇಷ್ಟೇ. 600 ವಿಎ ಡಬ್ಬಿಗೆ ಇದು ಭಾರವೇ ಅಲ್ಲ. ದೊಡ್ಡದು ಬೇಕಿಲ್ಲ ಎಂದು ಗೊತ್ತಾಯಿತು.

ಆದರೆ ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಚ್ಚಬೇಡಿರಿ. ಅದು ಕಾಯುವಾಗ ಇಸ್ತ್ರಿ ಪೆಟ್ಟಿಗೆಯಂತೆ ಒಮ್ಮೆಲೆ ನೂರಾರು ವ್ಯಾಟ್ ಎಳೆಯುತ್ತದೆ. ಮಗಳು ಒಮ್ಮೆ ಹಚ್ಚಿ ನೋಡಿದಳು, ಡಬ್ಬಿ ಉದ್ದಕ್ಕೆ ಕೂಗಿ ಕುಂತುಬಿಟ್ಟಿತು. ಪ್ರಿಂಟರ್ ನೇರ ಗೋಡೆಗೆ ಇರಲಿ.

ಎಷ್ಟು ಹೊತ್ತು ನಡೆದೀತು?

600 ವಿಎ ಡಬ್ಬಿಯೊಳಗೆ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್ ಅವರಿನ ಒಂದು ಮುಚ್ಚಿದ ಬ್ಯಾಟರಿ ಇರುತ್ತದೆ. 12ನ್ನು 7ರಿಂದ ಗುಣಿಸಿದರೆ 84. ನಮ್ಮ 112 ವ್ಯಾಟಿಗೆ ಕಾಗದದ ಮೇಲೆ 45 ನಿಮಿಷ ಬರಬೇಕು. ಹೊಸತಿದ್ದಾಗಲೂ ಬಂದದ್ದು 18 ನಿಮಿಷ.

ಇದರಲ್ಲಿ ಮೋಸ ಇಲ್ಲ. ಆ 7 ಎನ್ನುವುದು 20 ತಾಸು ನಿಧಾನ ಎಳೆದರೆ ಸಿಗುವ ಲೆಕ್ಕ. ಬಾವಿಯಲ್ಲಿ ದಿನವೆಲ್ಲಾ ಕೊಡದಿಂದ ಸೇದಿದರೆ ನೀರು ಬರುತ್ತಲೇ ಇರುತ್ತದೆ. ಅದೇ ಬಾವಿಗೆ ಹತ್ತು ಎಚ್‌ಪಿ ಮೋಟಾರು ಇಳಿಸಿದರೆ ಅರ್ಧ ತಾಸಿಗೆ ಗಾಳಿ ಎಳೆಯುತ್ತದೆ, ಸೆಲೆಗೆ ಊರಲು ಪುರಸೊತ್ತು ಇರುವುದಿಲ್ಲ. ಬ್ಯಾಟರಿಯೂ ಹಾಗೆ. ಜೊತೆಗೆ 12 ವೋಲ್ಟನ್ನು 230 ಮಾಡುವಾಗ ಒಂದಿಷ್ಟು ಕಾವಾಗಿ ಹೋಗುತ್ತದೆ.

ಆದ್ದರಿಂದ ಸಣ್ಣ ಯುಪಿಎಸ್ ಇರುವುದು ಬರೆದದ್ದನ್ನು ಉಳಿಸಿ ಕಂಪ್ಯೂಟರ್ ಬಂದ್ ಮಾಡುವುದಕ್ಕೆ. ಲೈಟ್ ಇಲ್ಲದೆ ತಾಸುಗಟ್ಟಲೆ ಕೆಲಸ ಮಾಡುವುದಕ್ಕಲ್ಲ. ಇದನ್ನು ತಿಳಿಯದೆ ಕೊಂಡವರೇ ಡಬ್ಬಿಯನ್ನು ಬೈಯುತ್ತಾರೆ. ನಾನೂ ಬೈದಿದ್ದೆ.

ತಾಸುಗಟ್ಟಲೆ ಬೇಕಾದರೆ

ಆಗ ಇನ್ವರ್ಟರ್ ಮತ್ತು ಟ್ಯೂಬುಲರ್ ಬ್ಯಾಟರಿ. 12 ವೋಲ್ಟ್, 150 ಆಂಪಿಯರ್ ಅವರಿನದು ಎಂದರೆ 1800. ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದರೆ ಬ್ಯಾಟರಿಯ ಆಯುಷ್ಯ ಕಡಿಮೆ ಆಗುತ್ತದೆ, ಹಂಗಾಗಿ 900 ಎಂದು ಹಿಡಿಯಿರಿ. ಕಾವಿಗೆ ಐದನೇ ಒಂದು ಪಾಲು ತೆಗೆದರೆ 720. ಕಂಪ್ಯೂಟರ್, ಒಂದು ಪಂಕಾ, ಎರಡು ಎಲ್‌ಇಡಿ ಬಲ್ಬು ಸೇರಿ 200 ವ್ಯಾಟ್. ಮೂರೂವರೆ ತಾಸು ಆರಾಮ.

ಇನ್ವರ್ಟರಿಗೆ ನೇರ ಕಂಪ್ಯೂಟರ್ ಹಚ್ಚುವವರು ಎರಡು ಮಾತು ನೆನಪಿಡಿರಿ. ಒಂದು, ಸೈನ್ ವೇವ್ ಕೊಳ್ಳಿರಿ. ಸ್ಕ್ವೇರ್ ವೇವ್ ಅಗ್ಗ ಸಿಗುತ್ತದೆ, ಆದರೆ ಪಂಕಾ ಗುಂಯ್ ಅನ್ನುತ್ತದೆ, ಕಂಪ್ಯೂಟರಿಗೂ ಒಳ್ಳೆಯದಲ್ಲ. ಎರಡನೆಯದು, ಹಿಂದೆ ಒಂದು ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಮತ್ತು ಇಕೋ ಅಥವಾ ನಾರ್ಮಲ್ ಮೋಡ್ ಎಂದು. ಲೈಟ್ ಹೋದ ಮೇಲೆ ಕಂಪ್ಯೂಟರ್ ಉಸಿರು ಹಿಡಿದುಕೊಳ್ಳುವುದು ಒಂದು ಸೆಕೆಂಡಿನ ಐವತ್ತನೇ ಒಂದು ಪಾಲಿನಷ್ಟು, ಅಷ್ಟೇ. ಯುಪಿಎಸ್ ಮೋಡಿನಲ್ಲಿ ಅದರೊಳಗೆ ಬ್ಯಾಟರಿಗೆ ಹೊಳ್ಳುತ್ತದೆ. ಇನ್ನೊಂದರಲ್ಲಿ ತಡವಾಗುತ್ತದೆ, ದೀಪಕ್ಕೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಆರಿ ಹೊತ್ತುತ್ತದೆ.

ಆದರೆ ಇಲ್ಲಿಯೂ ನಮ್ಮ ಹಳೆಯ ಶನಿ ಇದೆ. ಯುಪಿಎಸ್ ಮೋಡಿಗೆ ಹಾಕಿದರೆ ಅನೇಕ ಇನ್ವರ್ಟರುಗಳು 180 ವೋಲ್ಟಿಗೇ ಬ್ಯಾಟರಿಗೆ ಹೊಳ್ಳುತ್ತವೆ. 160ರ ಸಂಜೆ ಮತ್ತೆ ಬ್ಯಾಟರಿ ಖಾಲಿ. ಅದಕ್ಕೆ ನಾನು ಇನ್ವರ್ಟರನ್ನು ನಾರ್ಮಲ್ ಮೋಡಿನಲ್ಲಿ ಬಿಟ್ಟು, ಅದರ ಮುಂದೆ ಕಂಪ್ಯೂಟರಿಗೆ ಎವಿಆರ್ ಇರುವ ಸಣ್ಣ ಯುಪಿಎಸ್ ಇಟ್ಟಿದ್ದೇನೆ. ಇನ್ವರ್ಟರ್ ಹೊಳ್ಳುವಷ್ಟರ ಮಟ್ಟಿಗೆ ಸಣ್ಣದು ಹಿಡಿಯುತ್ತದೆ, ಆಮೇಲೆ ದೊಡ್ಡದು ನಡೆಸುತ್ತದೆ. ಇನ್ವರ್ಟರ್ ಸೈನ್ ವೇವ್ ಇದ್ದರೆ ಮಾತ್ರ ಈ ಜೋಡಿ ನಡೆಯುತ್ತದೆ. ಸ್ಕ್ವೇರ್ ವೇವ್ ಕರೆಂಟನ್ನು ಸಣ್ಣ ಯುಪಿಎಸ್ ಒಪ್ಪದೆ ತನ್ನ ಬ್ಯಾಟರಿಯನ್ನೇ ಸುಡುವುದುಂಟು.

ಎಲ್ಲರಿಗೂ ಇಷ್ಟು ಬೇಕೇ? ಬ್ಯಾಡ. ಸಣ್ಣ ಯುಪಿಎಸ್‌ಗೆ ನಾನು ಕೊಟ್ಟದ್ದು 3,100. ಇನ್ವರ್ಟರ್ ಮತ್ತು ಬ್ಯಾಟರಿಗೆ 21,500, ಮನೆಗೆ ಪಂಕಾ ದೀಪ ಬೇಕಾಗಿತ್ತೆಂದು ತಂದೆ. ಬರೀ ಕಂಪ್ಯೂಟರಿಗಾಗಿ ಅಷ್ಟು ಹಾಕುವುದು ಒಣಬೇಸಾಯದವನಿಗೆ ಹುಚ್ಚುತನ. ಇನ್ನೂ ಕಂಪ್ಯೂಟರ್ ಕೊಂಡಿಲ್ಲದವರು ಲ್ಯಾಪ್‌ಟಾಪ್ ವಿಚಾರ ಮಾಡಿರಿ. ಅದರ ಹೊಟ್ಟೆಯಲ್ಲೇ ಬ್ಯಾಟರಿ ಇದೆ, ತಿನ್ನುವುದೂ ಕಡಿಮೆ. ಲಿಥಿಯಂ ಬ್ಯಾಟರಿಯ ಇನ್ವರ್ಟರ್ ಸಹ ಬಂದಿವೆ. ನೀರು ಹಾಕುವ ಕೆಲಸವಿಲ್ಲ, ಹಗುರ, ಬಾಳಿಕೆ ಹೆಚ್ಚು, ರೊಕ್ಕವೂ ಹೆಚ್ಚು.

ಬ್ಯಾಟರಿಯ ಜೋಪಾನ

ಟ್ಯೂಬುಲರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಬಾರದು. ಬೋರಿನ ಸವುಳು ನೀರಂತೂ ವಿಷ. ಕುಡಿಯುವ ಫಿಲ್ಟರ್ ನೀರೂ ಬ್ಯಾಡ. ಚಾರ್ಜ್ ಆಗುವಾಗ ಅದರಿಂದ ಉರಿಯುವ ಗಾಳಿ ಹೊರಡುತ್ತದೆ. ಆದ್ದರಿಂದ ಮುಚ್ಚಿದ ಕಪಾಟಿನಲ್ಲಿ, ಅಡುಗೆ ಒಲೆಯ ಹತ್ತಿರ, ದೇವರ ಜಗಲಿಯ ಕೆಳಗೆ ಇಡಬೇಡಿರಿ. ನಮ್ಮದು ಪಡಸಾಲೆಯ ಕಿಟಕಿ ಹತ್ತಿರ ಇದೆ, ಹುಡುಗರ ಕೈಗೆ ಸಿಗದಂತೆ.

ಅರ್ಥಿಂಗ್ ವಿಷಯ ನಮ್ಮ ಎರೆ ಭೂಮಿಯವರಿಗೆ ಬೇರೆಯೇ ಹೇಳಬೇಕು. ಮಳೆಗಾಲದಲ್ಲಿ ಎರೆ ಮಣ್ಣು ಹಸಿ ಹಿಡಿದು ಅರ್ಥಿಂಗ್ ಚಲೋ ಇರುತ್ತದೆ. ಬೇಸಿಗೆಗೆ ಅದೇ ಮಣ್ಣು ಕೈ ಹೋಗುವಷ್ಟು ಬಿರಿದು ಪೈಪಿನಿಂದ ದೂರ ಸರಿಯುತ್ತದೆ. ಇದ್ದಿಲು, ಉಪ್ಪು ಹಾಕಿ ಮಾಡಿಸಿದ ಕುಣಿಗೂ ಯುಗಾದಿ ಮುಂದೆ ವಾರಕ್ಕೆ ಎರಡು ಕೊಡ ನೀರು ಹಾಕಿರಿ. ಪ್ಲಗ್ಗಿನ ಮೂರನೇ ಕಾಲು ಕತ್ತರಿಸಿ ಎರಡು ತೂತಿನಲ್ಲಿ ಚುಚ್ಚುವ ಚಾಳಿ ಬಿಡಿರಿ. ಸಿಡಿಲಿಗೆ ಮಾತ್ರ ಯಾವ ಯುಪಿಎಸ್ಸೂ ಅಡ್ಡ ಬರುವುದಿಲ್ಲ. ಗುಡುಗು ಕೇಳಿಸಿತು ಅಂದರೆ ಪ್ಲಗ್ಗು, ಇಂಟರ್‌ನೆಟ್ ವೈರು ಎರಡೂ ಕಿತ್ತು ಇಡಿರಿ. ಸಿಡಿಲು ತಲೆ ಮೇಲೆ ಬಂದ ಮೇಲೆ ಕೀಳಲು ಹೋಗಬೇಡಿರಿ.

ಸಣ್ಣ ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಡಬ್ಬಿ ಒಗೆಯಬೇಡಿರಿ, ಬ್ಯಾಟರಿ ಒಂದನ್ನೇ ಬದಲಿಸಬಹುದು. ಸೋತದ್ದು ತಿಳಿಯಲು ನಾನು ಪ್ರತಿ ಅಮಾವಾಸ್ಯೆ ಬರೆದದ್ದನ್ನೆಲ್ಲ ಉಳಿಸಿ, ಗೋಡೆಯ ಸ್ವಿಚ್ ಬಂದ್ ಮಾಡಿ ಎಷ್ಟು ನಿಮಿಷ ನಡೆಯಿತು ಎಂದು ನೋಡಿ ಡಬ್ಬಿಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತೇನೆ. 18 ಇದ್ದದ್ದು ಈಗ 15. ಐದಕ್ಕೆ ಬಂದ ದಿನ ಬದಲಿಸುವುದು. ಹಳೆಯ ಬ್ಯಾಟರಿಯನ್ನು ಒಡೆದು ಸೀಸ ತೆಗೆಯಲು ಹೋಗಬೇಡಿರಿ, ಅದು ಮಕ್ಕಳಿಗೆ ವಿಷ. ಕೊಂಡ ಅಂಗಡಿಗೇ ಒಯ್ಯಿರಿ. 2022ರ ನಿಯಮದಂತೆ ಹಳೆಯ ಬ್ಯಾಟರಿಯನ್ನು ತಿರುಗಿ ತರಿಸಿಕೊಳ್ಳುವ ಹೊಣೆ ತಯಾರಿಸಿದವರ ಮೇಲಿದೆ. ದೊಡ್ಡ ಬ್ಯಾಟರಿಗಾದರೆ ಅಂಗಡಿಯವರು ಬೆಲೆಯಲ್ಲಿ ಒಂದಿಷ್ಟು ಕಡಿಮೆ ಮಾಡುತ್ತಾರೆ. ಹೊಸತು ತರುವಾಗ ಬಿಲ್ಲಿನ ಮೇಲೆ ಬ್ಯಾಟರಿಯ ನಂಬರು, ತಾರೀಕು ಬರೆಸಿಕೊಳ್ಳಿರಿ, ಇಲ್ಲದಿದ್ದರೆ ವಾರಂಟಿ ಕೇಳಲು ಬಾಯಿ ಇರುವುದಿಲ್ಲ.

ಬೀಜದ ಲೆಕ್ಕ ಈಗ ಕಂಪ್ಯೂಟರಿನಲ್ಲಿದೆ, ಪೆನ್‌ಡ್ರೈವಿನಲ್ಲಿದೆ. ಕಾಗದದ ವಹಿಯನ್ನೂ ಮತ್ತೆ ಶುರು ಮಾಡಿದ್ದೇನೆ, ಪ್ರತಿಯೊಬ್ಬರ ಸಹಿ ಅದರಾಗ.